ಬಾಯ್ಸಿ ಸ್ಟೇಟ್ ಗೆದ್ದ ಆ ಫಿಯೆಸ್ಟಾ ಬೌಲ್

ಅಮೆರಿಕನ್ ಫುಟ್‌ಬಾಲ್ ಅಂದ್ರೆ ಬರೀ ಗುದ್ದಾಟ, ನೋಡೋಕೆ ಏನಿದೆ ಅದ್ರಲ್ಲಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ಒಂದೇ ಮ್ಯಾಚ್, 2007ರ ಜನವರಿ 1ಕ್ಕೆ ಅರಿಜೋನಾದ ಗ್ಲೆಂಡೇಲಲ್ಲಿ ನಡೆದ ಫಿಯೆಸ್ಟಾ ಬೌಲ್. ಕಾಲೇಜ್ ಸೀಸನ್ ಮುಗಿದ್ಮೇಲೆ ಚೆನ್ನಾಗಿ ಆಡಿದ ಟೀಮುಗಳನ್ನ ಕರೆದು ಆಡಿಸೋ ಮ್ಯಾಚಿಗೆ ಬೌಲ್ ಗೇಮ್ ಅಂತಾರೆ. ಅವತ್ತು ಒಂದು ಕಡೆ ಏಳು ಸಲ ನ್ಯಾಷನಲ್ ಚಾಂಪಿಯನ್ ಆಗಿದ್ದ ಓಕ್ಲಹೋಮ, ಇನ್ನೊಂದು ಕಡೆ ಐಡಹೋದ ಬಾಯ್ಸಿ ಸ್ಟೇಟ್. ಬಾಯ್ಸಿ ಮೇಲಿನ ಡಿವಿಷನ್ನಿಗೆ ಬಂದಿದ್ದೇ 1996ರಲ್ಲಿ, ಜನಕ್ಕೆ ಗೊತ್ತಿದ್ದಿದ್ದು ಅವರ ನೀಲಿ ಗ್ರೌಂಡು ಅಷ್ಟೆ. ಆ ಸೀಸನ್ನಲ್ಲಿ ಆಡಿದ 12ನ್ನೂ ಗೆದ್ದಿದ್ರು, ಆದ್ರೂ ಚಿಕ್ಕಪುಟ್ಟ ಟೀಮುಗಳನ್ನ ಸೋಲಿಸಿ ಬಂದೋರು ಅನ್ನೋ ಮಾತು ತಪ್ಪಲಿಲ್ಲ.

ಮೂರನೇ ಕ್ವಾರ್ಟರಲ್ಲಿ ಬಾಯ್ಸಿ 28-10 ಮುಂದಿತ್ತು. ಓಕ್ಲಹೋಮ ಬಿಡಲಿಲ್ಲ, ಒಂದೂವರೆ ನಿಮಿಷ ಉಳಿದಿಲ್ಲ ಅನ್ನೋವಾಗ 28-28 ಮಾಡ್ತು, ಅದರ ಬೆನ್ನಿಗೇ ಬಾಯ್ಸಿ ಕ್ವಾರ್ಟರ್‌ಬ್ಯಾಕ್, ಅಂದ್ರೆ ಟೀಮಿಗೆ ಪಾಸ್ ಎಸೆಯೋ ಮುಖ್ಯ ಆಟಗಾರ, ಜಬ್ರಾನ್ಸ್ಕಿ ಎಸೆದ ಪಾಸನ್ನ ಓಕ್ಲಹೋಮದ ಮಾರ್ಕಸ್ ವಾಕರ್ ಮಧ್ಯದಲ್ಲೇ ಹಿಡಿದು ಓಡಿ ಟಚ್‌ಡೌನ್ ಮಾಡಿಬಿಟ್ಟ, ಅಂದ್ರೆ ಮೈದಾನದ ತುದಿಯ ಎಂಡ್ ಝೋನಿಗೆ ಬಾಲ್ ಒಯ್ದ, 35-28. ಆಮೇಲೆ ನೋಡಿ, 18 ಸೆಕೆಂಡ್ ಬಾಕಿ, ನಾಲ್ಕನೇ ಅಂದ್ರೆ ಕೊನೇ ಚಾನ್ಸು, ಬಾಲ್ ತಮ್ಮ ಹತ್ರಾನೇ ಉಳಿಯೋಕೆ ಬೇಕಿರೋದು 18 ಯಾರ್ಡ್, ನಿಂತಿರೋದು ಮೈದಾನದ ನಟ್ಟನಡುವೆ. ಜಬ್ರಾನ್ಸ್ಕಿ ಅದೇ ಧೈರ್ಯದಲ್ಲಿ ಡ್ರಿಸಾನ್ ಜೇಮ್ಸ್‌ಗೆ ಎಸೆದ, ಡಿಫೆಂಡರುಗಳೆಲ್ಲ ಜೇಮ್ಸ್ ಕಡೆ ನುಗ್ಗಿದ್ರು, ಅಷ್ಟರಲ್ಲಿ ಎದುರು ದಿಕ್ಕಿಂದ ಓಡಿಬಂದ ಜೆರಾರ್ಡ್ ರಾಬ್ ಕೈಗೆ ಜೇಮ್ಸ್ ಬಾಲ್ ದಾಟಿಸಿದ, ರಾಬ್ ಅಂಚಿನಲ್ಲಿ ಓಡಿ ಹಾರಿ ಎಂಡ್ ಝೋನಿಗೆ ಬಿದ್ದ. 7 ಸೆಕೆಂಡ್ ಇತ್ತು. 35-35, ಓವರ್‌ಟೈಮ್.

ಓವರ್‌ಟೈಮಲ್ಲಿ ಇಬ್ಬರಿಗೂ 25 ಯಾರ್ಡಿಂದ ಒಂದೊಂದು ಸರದಿ. ಕಾಲರ್‌ಬೋನ್ ಮುರ್ಕೊಂಡು ಹಲವು ಮ್ಯಾಚ್ ಹೊರಗಿದ್ದು ಅವತ್ತೇ ವಾಪಸ್ ಬಂದಿದ್ದ ಓಕ್ಲಹೋಮದ ಏಡ್ರಿಯನ್ ಪೀಟರ್ಸನ್ ಮೊದಲ ಪ್ಲೇಲೇ ಆ 25 ಯಾರ್ಡನ್ನೂ ಓಡಿ ಮುಗಿಸಿದ. ಬಾಯ್ಸಿಯವರೂ ಒಂದು ಟಚ್‌ಡೌನ್ ಹೊಡೆದ್ರು, ಅದೂ ಕೊನೇ ಚಾನ್ಸಲ್ಲಿ, ಅದೂ ಕ್ವಾರ್ಟರ್‌ಬ್ಯಾಕ್ ಅಲ್ಲದ ವಿನ್ನಿ ಪೆರೆಟ್ಟಾ ಎಸೆದ ಪಾಸಲ್ಲಿ. ಈಗ 42-41. ಒಂದು ಕಿಕ್ ಹೊಡೆದ್ರೆ ಸಮ, ಇನ್ನೊಂದು ಓವರ್‌ಟೈಮ್. ಆದ್ರೆ ಬಾಯ್ಸಿ ಕೋಚ್ ಕ್ರಿಸ್ ಪೀಟರ್ಸನ್, ಹೆಡ್ ಕೋಚ್ ಆಗಿ ಅವರಿಗದು ಮೊದಲ ವರ್ಷ, ಎರಡು ಪಾಯಿಂಟಿಗೆ ಹೋಗೋಣ ಅಂದ್ರು, ಅಂದ್ರೆ ಕಿಕ್ ಬದಲು ಇನ್ನೊಂದು ಪ್ಲೇ ಆಡಿ ಬಾಲನ್ನ ಎಂಡ್ ಝೋನಿಗೆ ಮುಟ್ಟಿಸೋದು, ಆದ್ರೆ ಗೆಲುವು, ಇಲ್ಲಾಂದ್ರೆ ಸೋಲು. ಇದನ್ನ ಹುಚ್ಚು ಜೂಜು ಅಂದೋರಿದ್ದಾರೆ, ನಾನಂತೂ ಒಪ್ಪಲ್ಲ. ಆಟ ಬೆಳೆದಷ್ಟೂ ದೊಡ್ಡ ದೇಹ, ದೊಡ್ಡ ಬೆಂಚು ಇರೋ ಟೀಮಿಗೇ ಲಾಭ, ನಮ್ಮ ಹತ್ರ ಒಂದು ಒಳ್ಳೆ ಪ್ಲೇ ಉಳಿದಿದೆ ಅಂದ್ರೆ ಅದನ್ನ ಈಗಲೇ ಆಡಬೇಕು. ಲೆಕ್ಕ ಹಾಕಿಯೇ ತಗೊಂಡ ನಿರ್ಧಾರ ಅದು.

ಆ ಪ್ಲೇ ಹೆಸರು ಸ್ಟ್ಯಾಚ್ಯೂ ಆಫ್ ಲಿಬರ್ಟಿ. ಜಬ್ರಾನ್ಸ್ಕಿ ಬಲಗಡೆ ನೋಡ್ತಾ ಬಲಗೈಯಲ್ಲಿ ಎಸೆದ ಹಾಗೆ ಮಾಡ್ತಾನೆ, ಆ ಕೈ ಖಾಲಿ! ಬಾಲ್ ಎಡಗೈಯಲ್ಲಿ ಬೆನ್ನ ಹಿಂದೆ ಇದೆ, ಇಯಾನ್ ಜಾನ್ಸನ್ ಬಂದು ಅದನ್ನ ತಗೊಂಡು ಎಡಗಡೆ ಓಡ್ತಾನೆ, ಯಾರೂ ಮುಟ್ಟೋಕೂ ಆಗಲ್ಲ. 43-42. ಸ್ವಲ್ಪ ಹೊತ್ತಿಗೆ ಅದೇ ಜಾನ್ಸನ್ ಚಿಯರ್‌ಲೀಡರ್ ಆಗಿದ್ದ ತನ್ನ ಹುಡುಗಿ ಮುಂದೆ ಟಿವಿ ಲೈವ್ ಇರುವಾಗಲೇ ಮಂಡಿಯೂರಿ ಮದುವೆ ಆಗ್ತೀಯಾ ಅಂತ ಕೇಳಿದ, ಅವಳು ಹೂಂ ಅಂದ್ಳು.

ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷಯ ಅಂದ್ರೆ, 13ಕ್ಕೆ 13 ಗೆದ್ದ ಟೀಮಿಗೆ ಚಾಂಪಿಯನ್‌ಶಿಪ್ ಆಡೋ ದಾರಿನೇ ಇರಲಿಲ್ಲ, ಪತ್ರಕರ್ತರ ವೋಟಲ್ಲಿ ತಯಾರಾಗೋ ಎಪಿ ಪಟ್ಟಿಲಿ ಐದನೇ ಜಾಗ ಕೊಟ್ಟು ಕಳಿಸಿದ್ರು, ಟೈಟಲ್ಲು ಒಂದು ಮ್ಯಾಚ್ ಸೋತಿದ್ದ ಫ್ಲೋರಿಡಾಗೆ. 12 ಟೀಮುಗಳು ಆಡಿ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋ ಪ್ಲೇಆಫ್ ಬಂದಿದ್ದು 2024ರ ಸೀಸನ್ನಿಗೆ. ಆಗ ಬಾಯ್ಸಿ ಒಳಗೆ ಬಂತು, ಕ್ವಾರ್ಟರ್‌ಫೈನಲ್ ಆಡಿದ್ದು ಅದೇ ಫಿಯೆಸ್ಟಾ ಬೌಲಲ್ಲಿ, ಪೆನ್ ಸ್ಟೇಟ್ ಮೇಲೆ 31-14ಕ್ಕೆ ಸೋತ್ರು. ಬೇಜಾರಾಯ್ತು ನಿಜ, ಆದ್ರೆ ಮೈದಾನದಲ್ಲಿ ಆಡಿ ಸೋತ್ರಲ್ಲ, 2007ರ ಹುಡುಗರಿಗೆ ಅಷ್ಟೂ ಸಿಕ್ಕಿರಲಿಲ್ಲ.

ಪೂರ್ತಿ ನೋಡೋಕೆ ಪುರುಸೊತ್ತಿಲ್ಲ ಅಂದ್ರೆ ನಾಲ್ಕನೇ ಕ್ವಾರ್ಟರಿನ ಕೊನೇ ಒಂದೂವರೆ ನಿಮಿಷದಿಂದ ಶುರು ಮಾಡಿ, ಸ್ಟ್ಯಾಚ್ಯೂ ಪ್ಲೇ ಬಂದಾಗ ಮಾತ್ರ ನಿಧಾನ ಮಾಡ್ಕೊಂಡು ಜಬ್ರಾನ್ಸ್ಕಿಯ ಎಡಗೈ ನೋಡಿ.