ಪಾಯಸಕ್ಕೆ ಬೆಲ್ಲ ಬೀಳಲಿಲ್ಲವಾ ಭಟ್ರೇ?

ಮೊನ್ನೆ ಭಾನುವಾರ ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಉಪನಯನದ ಊಟ. ಎರಡನೇ ಹಂತಿಗೆ ಕಡಲೆಬೇಳೆ ಪಾಯಸ ಬಂತು. ಮಾವನೊಬ್ಬರು ಎಲ್ಲರಿಗೂ ಕೇಳುವಂತೆ, "ಪಾಯಸಕ್ಕೆ ಬೆಲ್ಲ ಬೀಳಲಿಲ್ಲವಾ ಭಟ್ರೇ?" ಎಂದರು. ಅಡುಗೆ ಭಟ್ಟರು ಸೌಟಿನಿಂದ ಕಣ್ಣೆತ್ತದೆ, "ನಾಲಿಗೆ ತೊಳ್ಕೊಂಡು ಬನ್ನಿ" ಎಂದರು.

ಮಾತು ಒರಟು, ಆದರೆ ಭಟ್ಟರು ಹೇಳಿದ್ದೇ ಸರಿ. ಮಾವನಿಗೆ ಸಕ್ಕರೆ ಕಾಯಿಲೆ. ಕೈ ತೊಳೆಯಲು ಹೋದವರು ಬೇಲಿಯ ಮಧುನಾಶಿನಿ ಬಳ್ಳಿಯಿಂದ ಎರಡೆಲೆ ಕಿತ್ತು ಜಗಿದು ಬಂದಿದ್ದರು. ಇಲ್ಲಿನ ಮಲಯಾಳದಲ್ಲಿ ಅದು ಚಕ್ಕರಕೊಲ್ಲಿ, ಅಂದರೆ ಸಕ್ಕರೆಯನ್ನು ಕೊಲ್ಲುವುದು. ಹೆಸರಲ್ಲೇ ಎಚ್ಚರಿಕೆ ಇದೆ. ಅಂಥ ಬಾಯಲ್ಲಿ ಪಾಯಸದ ತೀರ್ಪು ಕೊಡಬಾರದು.

ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಕ್ಕೆ, ಅಂದರೆ ಸಿಹಿಯನ್ನು ಗುರುತಿಸುವ ಭಾಗಕ್ಕೆ, ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತವೆ. ಉಪ್ಪು, ಹುಳಿಗೆ ತೊಂದರೆಯಿಲ್ಲ. ಹಾಗಾಗಿ ಮಾವನಿಗೆ ಏಲಕ್ಕಿಯ ಪರಿಮಳ ಸಿಕ್ಕಿತು, ಕಾಯಿಹಾಲಿನ ಜಿಡ್ಡು ಸಿಕ್ಕಿತು, ಬೆಲ್ಲದೊಳಗಿನ ಸಣ್ಣ ಉಪ್ಪೂ ಸಿಕ್ಕಿತು. ಸಿಹಿ ಮಾತ್ರ ನಾಪತ್ತೆ.

ಪರೀಕ್ಷಿಸುವುದಾದರೆ ಒಂದು ಎಳೆಯ ಎಲೆ ಸಾಕು. ಒಂದೆರಡು ನಿಮಿಷ ನುಣ್ಣಗೆ ಜಗಿದು, ರಸವನ್ನು ನಾಲಿಗೆಯ ಅಂಚಿಗೂ ಹಿಂಭಾಗಕ್ಕೂ ತಾಗಿಸಿ ಉಗುಳಬೇಕು. ಕಹಿ ಹೋಗಲು ಬಾಯಿ ಮುಕ್ಕಳಿಸಿ ಒಂದು ಚಿಟಿಕೆ ಸಕ್ಕರೆ ಹಾಕಿಕೊಳ್ಳಿ, ಮರಳು ಅಗಿದಂತಾಗುತ್ತದೆ. ಎಲೆಯನ್ನು ಗುಳಕ್ಕನೆ ನುಂಗಿದರೆ, ಕ್ಯಾಪ್ಸೂಲ್ ತಿಂದರೆ ನಾಲಿಗೆಗೆ ಏನೂ ಆಗುವುದಿಲ್ಲ, ರಸ ತಾಗಲೇಬೇಕು. ಬಳ್ಳಿಯ ಗುರುತು ಖಚಿತವಿಲ್ಲದಿದ್ದರೆ ಮಾತ್ರ ಬಾಯಿಗೆ ಹಾಕಲೇಬೇಡಿ. ಎಕ್ಕವೂ ಇದೇ ಕುಟುಂಬದ್ದು.

ಮಾವನ ನಿಜವಾದ ತಪ್ಪು ಬೇರೆ. ಸಿಹಿ ಗೊತ್ತಾಗದಿದ್ದರೆ ತಿಂದದ್ದು ಲೆಕ್ಕಕ್ಕಿಲ್ಲ ಎಂದುಕೊಂಡು ಎರಡು ಸೌಟು ಹಾಕಿಸಿಕೊಂಡರು. ಮುಚ್ಚಿದ್ದು ನಾಲಿಗೆ, ಹೊಟ್ಟೆಯಲ್ಲ. ಬೆಲ್ಲ ರಕ್ತಕ್ಕೆ ಹೋಗಿಯೇ ಹೋಗುತ್ತದೆ. ಇನ್ನು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ದಿನವೂ ಎಲೆ ತಿನ್ನುವ ಮೊದಲು ವೈದ್ಯರಿಗೆ ಹೇಳಬೇಕು. ಸಕ್ಕರೆ ಅತಿಯಾಗಿ ಇಳಿಯುವ ಅಪಾಯವಿದೆ.

ಇದಕ್ಕೆ ಉಲ್ಟಾ ಕೆಲಸದ್ದು ಮಿರಾಕಲ್ ಫ್ರೂಟ್. ಪಶ್ಚಿಮ ಆಫ್ರಿಕಾದ ಗಿಡ, ಈಗ ನಮ್ಮ ಕಡೆಯ ನರ್ಸರಿಗಳಲ್ಲೂ ಸಿಗುತ್ತದೆ. ಹುಳಿಮಣ್ಣು ಬೇಕು, ನೀರು ನಿಲ್ಲಬಾರದು. ಕೆಂಪು ಹಣ್ಣಿನ ತಿರುಳನ್ನು ಒಂದು ನಿಮಿಷ ನಾಲಿಗೆಯ ಮೇಲೆಲ್ಲ ಹೊರಳಿಸಿ ಬೀಜ ಉಗುಳಿದರೆ, ಮುಂದಿನ ಅರ್ಧ ಮುಕ್ಕಾಲು ಗಂಟೆ ಬಿಂಬುಳಿಯೂ ಸಿಹಿ, ಲಿಂಬೆಯೂ ಸಿಹಿ. 1968ರಲ್ಲಿ ಬೇರ್ಪಡಿಸಿದ ಮಿರಾಕ್ಯುಲಿನ್ ಎಂಬ ಪ್ರೋಟೀನಿನ ಆಟ ಇದು. ಹುಳಿ ಸೇರಿದರೆ ಮಾತ್ರ ಅದು ಸಿಹಿ ಗ್ರಾಹಕವನ್ನು ಎಬ್ಬಿಸುತ್ತದೆ. ಹುಳಿಯಿಲ್ಲದ ಸಪ್ಪೆ ಗಂಜಿಗೆ ಏನೂ ಆಗದು. ಬಿಸಿ ಪ್ರೋಟೀನನ್ನು ಕೆಡಿಸುತ್ತದೆ, ಆದ್ದರಿಂದ ಹಣ್ಣನ್ನು ಬೇಯಿಸಿ ಜಾಮ್ ಮಾಡಿದರೆ ವ್ಯರ್ಥ. ಸಿಹಿ ಎಂದು ಹತ್ತು ಲಿಂಬೆ ಹೀರಿದರೆ ಹುಳಿಯ ಏಟು ಹಲ್ಲಿಗೆ, ಹೊಟ್ಟೆಗೆ ತಪ್ಪಿದ್ದಲ್ಲ.

ಅಂದ ಹಾಗೆ, ಮಧುನಾಶಿನಿಯ ಅಂಟು ತಣ್ಣೀರಿಗೆ ತಕ್ಷಣ ಬಿಡುವುದಿಲ್ಲ. ಭಟ್ಟರ ಮದ್ದಿನಲ್ಲಿ ಅಷ್ಟೇ ಕೊರತೆ. ಅರ್ಧ ಗಂಟೆ ಕಾಯಬೇಕು. ಮಜ್ಜಿಗೆ ಕುಡಿದು, ಎದ್ದು, ಜಗಲಿಯಲ್ಲಿ ಎರಡು ಮಾತಾಡಿ ಮಾವ ಮತ್ತೆ ಅಡುಗೆ ಶಾಲೆಗೆ ಹೋದರು. ಲೋಟದಲ್ಲಿ ಸ್ವಲ್ಪ ಪಾಯಸ ಹಾಕಿಸಿಕೊಂಡು ಗುಟುಕರಿಸಿದರು.

"ಈಗ ಸರಿಯಾಯ್ತು ನೋಡಿ. ಮತ್ತೆ ಎಷ್ಟು ಬೆಲ್ಲ ಹಾಕಿದ್ರಿ?"