ನಾನು ಅಳಿಸಿದ ಗುಂಯ್ ಸದ್ದು

ಚೀಲದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಬರುವ ಗಿರಾಕಿಯನ್ನು ಕಂಡರೆ ಈಗ ನನಗೆ ಸಣ್ಣದೊಂದು ಭಯವಿದೆ. ಬಸವನಗುಡಿಯ ಒಂದು ಮಹಡಿಯ ಮೇಲಿರುವ ನಮ್ಮ ಡಿಜಿಟೈಸೇಷನ್ ಘಟಕಕ್ಕೆ ಕಳೆದ ವರ್ಷ ಅಂಥವರೊಬ್ಬರು ಬಂದು, ಮೂವತ್ತು ವರ್ಷಗಳಿಂದ ಟೇಪಿನ ಮೇಲೆ ಕೈಯಾಡಿಸಿದ್ದೇನೆಂಬ ನನ್ನ ಠೇಂಕಾರವನ್ನು ಮುಕ್ಕಾಲು ಗಂಟೆಯಲ್ಲಿ ಇಳಿಸಿ ಹೋದರು.

ಕೆಲಸಕ್ಕೆ ಬಂದಿದ್ದದ್ದು ಐದಿಂಚಿನ ಒಂದು ಸ್ಪೂಲ್, ಅಂದರೆ ಟೇಪಿನ ಸುರುಳಿ. ಡಬ್ಬಿಯ ಮೇಲೆ ನೀಲಿ ಶಾಯಿಯಲ್ಲಿ "ರಾಮನವಮಿ, ಕೋಟೆ ಹೈಸ್ಕೂಲು, 1978" ಎಂದು ಬರೆದಿತ್ತು. ಚಾಮರಾಜಪೇಟೆಯ ಆ ಚಪ್ಪರದಲ್ಲಿ ರಸಿಕರೊಬ್ಬರು ತಮ್ಮ ಬ್ಯಾಟರಿ ಸ್ಪೂಲ್ ರೆಕಾರ್ಡರಿಗೆ ಮೈಕಿನವರ ಆಂಪ್ಲಿಫೈಯರಿನಿಂದ ಒಂದು ತಂತಿ ಎಳೆದುಕೊಂಡು ಕಚೇರಿಯನ್ನು ಹಿಡಿದಿದ್ದರು. ಟೇಪು ಜಿಗುಟಾಗಿ ಹೆಡ್ಡಿನ ಮೇಲೆ ಕಿರುಚುತ್ತಿದ್ದುದರಿಂದ ಎಂಟು ಗಂಟೆ 54 ಡಿಗ್ರಿಯಲ್ಲಿ ಬೇಯಿಸಿ, ಆರಿಸಿ, 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಕ್ಯಾಪ್ಚರ್ ಮಾಡಿದೆ. ಗಾಯನ ಚೆನ್ನಾಗಿಯೇ ಇತ್ತು; ಅದರಡಿಯಲ್ಲಿ ಮಾತ್ರ ಆಂಪ್ಲಿಫೈಯರಿನ ಹಮ್, ಒಂದು ಎಡೆಬಿಡದ ಗುಂಯ್ ಸದ್ದು, ಮೊದಲಿನಿಂದ ಕೊನೆಯವರೆಗೆ ಹಾಸಿಕೊಂಡಿತ್ತು. ಸದ್ದಿನ ಎತ್ತರ-ತಗ್ಗನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ ಅದು ತೆಳ್ಳನೆಯ ಕಿತ್ತಳೆ ಗೆರೆಯಾಗಿ ಕಾಣುತ್ತಿತ್ತು. ಆ ಗೆರೆ ನೆಟ್ಟಗಿರದೆ, ಎಡದಿಂದ ಬಲಕ್ಕೆ ಹೋದಂತೆ ಮೆಲ್ಲನೆ ಮೇಲಕ್ಕೆ ಏರುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ನೋಡಿ, ನಮ್ಮ ಹೊಸ ಅಡಾಪ್ಟಿವ್ ಫಿಲ್ಟರು ಆ ಏರಿಕೆಯನ್ನೂ ಬಿಡದೆ ಬೆನ್ನಟ್ಟಿ ಅಳಿಸುತ್ತಿದೆಯಲ್ಲ ಎಂದು ಮೆಚ್ಚಿಕೊಂಡೆ. ಗೆರೆ ಏಕೆ ಏರುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಜೊತೆಗೆ ಕಟಕಟ ಸದ್ದುಗಳನ್ನೂ ಡಿ-ಕ್ಲಿಕ್ ಹಾಕಿ ತೆಗೆದೆ.

ಪಕ್ಕದ ಸೀಟಿನ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರದವಳು, "ಸರ್, ಫ್ಲಾಟ್ ಟ್ರಾನ್ಸ್‌ಫರ್ ಬೇರೆ ಇಟ್ಟಿದ್ದೀರಾ?" ಎಂದು, ಅಂದರೆ ಏನನ್ನೂ ತಿದ್ದದ ಮೂಲ ಪ್ರತಿ ಇದೆಯೇ ಎಂದು ಕೇಳಿದಳು. ಮಾಡಿದ್ದನ್ನು ಹಿಂದೆಗೆಯಲು ಕಂಪ್ಯೂಟರಿನಲ್ಲಿ 'ಅನ್‌ಡೂ' ಇದೆಯಲ್ಲ ಎಂದೆ. ಇದೇ ನಾನು 1991ರಲ್ಲಿ ಕೆಲಸ ಕಲಿತಾಗ, ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಟೇಪಿನಲ್ಲಿ ಅಂಗೈಯಗಲದ ಒಂದು ಉಸಿರನ್ನು ಬ್ಲೇಡಿನಿಂದ ತೆಗೆದರೂ, ಆ ತುಣುಕಿಗೆ ಚೀಟಿ ಅಂಟಿಸಿ, ಕಾರ್ಯಕ್ರಮ ಪ್ರಸಾರವಾಗುವವರೆಗೆ ಗೋಡೆಯ ಮೇಲೆ ತೂಗುಹಾಕುತ್ತಿದ್ದೆ. ಕತ್ತರಿಸುವುದಕ್ಕೆ ಮುಂಚೆ ರೀಲನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ಹತ್ತು ಸಲ ಕೇಳುತ್ತಿದ್ದೆ. ಆಗ ಕೈ ನಡುಗುತ್ತಿತ್ತು, ಈಗ ನಡುಗುವುದಿಲ್ಲ. ನಮ್ಮ ಬ್ಯಾಚ್ ಪ್ರೀಸೆಟ್ಟು, ಅಂದರೆ ಎಲ್ಲ ಫೈಲುಗಳಿಗೂ ಮೊದಲೇ ಹೊಂದಿಸಿಟ್ಟ ಕ್ರಮ, ಸ್ವಚ್ಛಗೊಳಿಸಿದ ಫೈಲನ್ನು ಹಳೆಯದರ ಮೇಲೆಯೇ, ಅದೇ ಹೆಸರಿನಲ್ಲಿ ಬರೆಯುತ್ತದೆ, ಮಧ್ಯರಾತ್ರಿಯ ಸಿಂಕ್ ಅದನ್ನೇ ಬ್ಯಾಕಪ್ಪಿಗೂ ಒಯ್ಯುತ್ತದೆ. ಡಿಸ್ಕ್ ಉಳಿತಾಯಕ್ಕೆಂದು ಹಾಗೆ ಮಾಡಿದವರು ಮೇಲಿನವರೇ. ದಿನಕ್ಕೆ ಎಂಟು ಸ್ಪೂಲ್ ಮುಗಿಯಬೇಕೆಂದು ಹೇಳುವವರೂ ಅವರೇ, ಹಾಗಾಗಿ ಪ್ರೀಸೆಟ್ಟನ್ನು ಬದಲಿಸಲು ನಾನೂ ಹೋಗಲಿಲ್ಲ.

ಕೇಳಿಸುವ ದಿನ ಮನೆಯವರ ಜೊತೆಗೆ, ಅಂದು ಆ ಕಚೇರಿಯಲ್ಲಿ ಪಿಟೀಲು ನುಡಿಸಿದ್ದ ಹಿರಿಯರೂ ಬಂದಿದ್ದರು. ವರ್ಣ ಮುಗಿಯುವವರೆಗೆ ಕಣ್ಣು ಮುಚ್ಚಿ ತಲೆದೂಗಿದರು. ಎರಡನೆಯ ಕೃತಿಗೆ ಚೀಲದಿಂದ ಶ್ರುತಿಪೆಟ್ಟಿಗೆ ಹೊರಬಂತು. ಅರ್ಧ ಗಂಟೆಯ ಹೊತ್ತಿಗೆ ಅವರ ತಲೆ ಆಡುವುದು ನಿಂತಿತ್ತು, ಬೆರಳು ಮಾತ್ರ ಶ್ರುತಿಪೆಟ್ಟಿಗೆಯ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿತ್ತು. ಕೊನೆಯಲ್ಲಿ ಹೇಳಿದರು: "ಅವರು ಒಂದೂವರೆ ಮನೆಯಲ್ಲಿ ಹಾಡುತ್ತಿದ್ದವರು. ಇಲ್ಲಿ ಎರಡು ಮನೆಗೆ ಬಂದುಬಿಟ್ಟಿದ್ದಾರೆ." ಮನೆ ಎಂದರೆ ಶ್ರುತಿಯ ಎತ್ತರದ ಅಳತೆ.

ನಾನು ಸುಮ್ಮನಿರಬಹುದಿತ್ತು. "ಕಚೇರಿಯ ನಡುವೆ ಶ್ರುತಿ ಏರಿಸಿರಬಹುದು, ಟೇಪು ಸುಳ್ಳು ಹೇಳುವುದಿಲ್ಲ" ಎಂದೆ. ಅವರು ನಕ್ಕು, "ಟೇಪು ಹೇಳದಿರಬಹುದು, ಸೆಲ್ಲು ಹೇಳೀತು. ಶ್ರುತಿ ಏರಿಸಿದ್ದರೆ ನಾನು ನಾಲ್ಕೂ ತಂತಿ ಬಿಗಿಯಬೇಕಿತ್ತು. ನನ್ನ ಬಿರಡೆಯ ಸದ್ದು ಎಲ್ಲಿದೆ, ತೋರಿಸಿ" ಎಂದರು. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅಂಥ ಸದ್ದುಗಳನ್ನೆಲ್ಲ ನಾನೇ ಗುಡಿಸಿಹಾಕಿದ್ದೆ. ಏಸಿಯ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಆ ಮೌನದಲ್ಲೇ ಕಿತ್ತಳೆ ಗೆರೆ ಏಕೆ ಏರುತ್ತಿತ್ತೆಂಬುದು ನನಗೆ ಹೊಳೆದದ್ದು. ಸೆಲ್ಲು ಸೊರಗಿದಂತೆ ರೆಕಾರ್ಡರಿನ ಟೇಪು ನಿಧಾನವಾಗಿದೆ. ನಾವು ಅದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್ಲವೂ ಏರಿದೆ. ತಂಬೂರಿ, ಪಿಟೀಲು, ಮೃದಂಗ, ಕಂಠ ಒಟ್ಟಿಗೇ ಏರಿದ್ದರಿಂದ ಅಪಸ್ವರವೆಂದು ಎಲ್ಲಿಯೂ ಅನ್ನಿಸುವುದಿಲ್ಲ. ಮೈಕಿನವರ ಕರೆಂಟಿನ 50 ಹರ್ಟ್ಸ್ ಮಾತ್ರ ರೆಕಾರ್ಡರಿನ ಸೆಲ್ಲಿಗೆ ಸಂಬಂಧಪಡದೆ ನಿಂತಿದ್ದು, ಟೇಪು ಎಷ್ಟು ಸೋತಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಅಳೆದುಕೊಡುವ ಗಜಕಡ್ಡಿಯಾಗಿತ್ತು. ಅಳತೆಗೋಲನ್ನೇ ಕೊಳೆಯೆಂದು ತೊಳೆದಿದ್ದೆ.

ಮರುದಿನ ಟೇಪನ್ನು ಮತ್ತೆ ಎಂಟು ಗಂಟೆ ಬೇಯಿಸಿದೆವು. ಎರಡನೆಯ ಪಾಸಿನಲ್ಲಿ, ಅಂದರೆ ಎರಡನೆಯ ಸಲ ಓಡಿಸಿದಾಗ, ಕೊನೆಯ ಭಾಗದಲ್ಲಿ ಸದ್ದನ್ನು ಹಿಡಿದಿಡುವ ಆಕ್ಸೈಡಿನ ಲೇಪ ಪುಡಿಪುಡಿಯಾಗಿ ಗೈಡಿನ ಮೇಲೆ ಉದುರಿತು, ತಾರಸ್ಥಾಯಿಯ ಹೊಳಪು ಹೋಯಿತು. ಪುಣ್ಯಕ್ಕೆ ಹೆಡ್ಡಿಗೂ ಟೇಪಿಗೂ ಅಂತರ ಬಿದ್ದಾಗ ಮೊದಲು ಸಾಯುವುದು ಎತ್ತರದ ಸ್ವರಗಳು. ಹಮ್ಮಿನಂಥ ದಪ್ಪ ಸದ್ದು ಬದುಕಿಕೊಳ್ಳುತ್ತದೆ. ಅದು ಆರಂಭದಲ್ಲಿ 50ರ ಆಸುಪಾಸಿನಲ್ಲಿದ್ದು, ಕೊನೆಗೆ 53ಕ್ಕೆ ಏರಿತ್ತು. ನೂರಕ್ಕೆ ಆರು ಎಂದರೆ ಸರಿಯಾಗಿ ಅರ್ಧ ಮನೆ, ಹಿರಿಯರ ಕಿವಿ ಹೇಳಿದ್ದಷ್ಟೇ. ನಮ್ಮ ಕರೆಂಟೂ 50ಕ್ಕೆ ಕಟ್ಟುಬಿದ್ದು ನಿಲ್ಲುವಂಥದ್ದಲ್ಲವಾದ್ದರಿಂದ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಲಿಲ್ಲ. ತಂಬೂರಿಯ ಷಡ್ಜವನ್ನು ಐದೈದು ನಿಮಿಷಕ್ಕೊಮ್ಮೆ ಕಿವಿಯಲ್ಲಿ ತಾಳೆ ನೋಡಿಕೊಂಡೆ. ಎರಡನೆಯ ಪಾಸಿನಿಂದ ವೇಗದ ರೇಖೆಯನ್ನು ತೆಗೆದು ಮೊದಲನೆಯ ಪಾಸಿನ ಚೊಕ್ಕ ಧ್ವನಿಗೆ ಹೊಂದಿಸುವ ಉಪಾಯ ಆ ಹುಡುಗಿಯದು, ನನ್ನದಲ್ಲ. ಮೂರು ದಿನ ಹಿಡಿಯಿತು. ಆ ಮೂರು ದಿನಗಳಲ್ಲಿ ಬಾಕಿಯಾದ ಇಪ್ಪತ್ತನಾಲ್ಕು ಸ್ಪೂಲ್‌ಗಳ ಬಗ್ಗೆ ಮೇಲಿನಿಂದ ಎರಡು ಮೇಲ್ ಬಂದವು, ಆಮೇಲೆ ನಾಲ್ಕು ಚೌಕಗಳ ಒಂದು ಚೆಕ್‌ಲಿಸ್ಟೂ ಬಂತು. ಫ್ಲಾಟ್ ಫೈಲ್ ಇಡಲು ಡಿಸ್ಕ್ ಮಾತ್ರ ಇನ್ನೂ ಬಂದಿಲ್ಲ. ನಾನು ನನ್ನ ಸ್ವಂತ ಹಾರ್ಡ್ ಡಿಸ್ಕಿನಲ್ಲಿ ಇಡುತ್ತಿದ್ದೇನೆ.

ಹಿರಿಯರು ಎರಡನೆಯ ಸಲ ಬಂದಾಗ ಶ್ರುತಿಪೆಟ್ಟಿಗೆಯನ್ನು ಒಂದೂವರೆಗೆ ಇಟ್ಟು ಮೇಜಿನ ಮೇಲೆ ಬಿಟ್ಟರು; ಕೊನೆಯವರೆಗೆ ಗುಂಡಿಯನ್ನು ಮುಟ್ಟಲಿಲ್ಲ. ಎದ್ದು ಹೊರಡುವಾಗ, ಮೂರನೆಯ ಕೃತಿಗೆ ಮುಂಚೆ ಅಂದಿನ ಸೆಕೆಗೆ ತಮ್ಮ ಪಂಚಮದ ತಂತಿ ಜಾರಿತ್ತು, ಬಿಗಿದುಕೊಂಡ ನೆನಪಿದೆ ಎಂದರು. ಎರಡನೆಯ ಪಾಸಿನಲ್ಲಿ ಹುಡುಕಿದಾಗ ಬಿರಡೆ ಕಿರ್ರೆಂದದ್ದು ಅಲ್ಲೇ ಸಿಕ್ಕಿತು, ಒಂದೇ ತಂತಿಯದು. ಅದನ್ನು ಕತ್ತರಿಸಿ ತಂದು, ಇದ್ದ ಜಾಗದಲ್ಲೇ ಮತ್ತೆ ಹೊಲಿದೆ.