ಚೀಲ ಕೈಗೆ ಕೊಟ್ಟ ಮೇಲೆ ಬರುವ ಮಾತು

ಮೆಡಿಕಲ್ ಶಾಪಿಗೆ ಬರುವವರು ಮುಖ್ಯವಾದ ಮಾತನ್ನು ಮೊದಲು ಹೇಳುವುದು ಕಡಿಮೆ. ಚೀಟಿ ಕೊಡುತ್ತಾರೆ, ದುಡ್ಡು ಕೊಡುತ್ತಾರೆ, ಚಿಲ್ಲರೆ ಎಣಿಸಿಕೊಳ್ಳುತ್ತಾರೆ. ಮೆಟ್ಟಿಲು ಇಳಿಯುವ ಹೊತ್ತಿಗೆ ತಿರುಗಿ, "ಅಲ್ಲಾ ಸಾರ್, ಹಾಗೇ ಇನ್ನೊಂದು ಕೇಳಣ ಅಂತಿದ್ದೆ" ಅನ್ನುತ್ತಾರೆ. ಅಷ್ಟರಲ್ಲಿ ನಾವು ಮುಂದಿನವರ ಚೀಟಿ ಹಿಡಿದಿದ್ದರೆ ಆ ಮಾತು ಹೊರಗೆ ಬರುವುದೇ ಇಲ್ಲ.

ನಾನು ತಿಪಟೂರಿನ ಒಂದು ಅಂಗಡಿಯಲ್ಲಿ ಫಾರ್ಮಸಿಸ್ಟ್. ನಮ್ಮಲ್ಲಿ ಒಬ್ಬ ಅಮ್ಮ ಕೆಮ್ಮಿನ ಸಿರಪ್ಪಿಗೆ ಮೇಲಿಂದ ಮೇಲೆ ಬರುತ್ತಿದ್ದರು. "ಇದ್ಯಾಕೋ ಹೋಗ್ತಾನೇ ಇಲ್ಲ ಕಣಪ್ಪ, ಇನ್ನೊಂದು ಬಾಟ್ಲಿ ಕೊಡು" ಅಂದರು. ಕಫ ಇಲ್ಲ, ಜ್ವರ ಇಲ್ಲ, ಬರೀ ಒಣ ಕೆಮ್ಮು. "ಯಾವಾಗಿಂದ ಶುರುವಾಯ್ತಮ್ಮ?" ಅಂತ ಕೇಳಿ ಸುಮ್ಮನಾದೆ. ಮಗಳ ಮನೆ ಗೃಹಪ್ರವೇಶಕ್ಕೆ ಹೋಗಿದ್ದು, ಅಲ್ಲಿನ ನೀರು ಒಗ್ಗದೇ ಇದ್ದದ್ದು, ಅಳಿಯ ಫ್ರಿಜ್ಜಿನ ಜ್ಯೂಸ್ ಕೊಟ್ಟಿದ್ದು, ಎಲ್ಲ ಬಂತು. ಆಮೇಲೆ ಹಾಗೇ ಮಾತಿನ ಮಧ್ಯೆ, "ಅಲ್ಲಿಗೆ ಹೋಗೋಕೆ ಮುಂಚೆನೇ ಬಿಪಿ ಮಾತ್ರೆ ಬದಲಾಯಿಸಿದ್ರಲ್ಲ, ಆಗಿಂದ ಗಂಟಲು ಕೆರೆತ" ಅಂದರು.

ಚೀಲದಿಂದ ಸ್ಟ್ರಿಪ್ ತೆಗೆಸಿ ನೋಡಿದೆ. ರಾಮಿಪ್ರಿಲ್. ಎನಾಲಾಪ್ರಿಲ್, ಲಿಸಿನೊಪ್ರಿಲ್ ಕೂಡ ಇದೇ ಗುಂಪಿನವು. ಒಳ್ಳೆಯ ಮಾತ್ರೆಗಳೇ, ಆದರೆ ಕೆಲವರಿಗೆ ಇವುಗಳಿಂದ ಒಣ ಕೆಮ್ಮು ಬರುತ್ತದೆ. ಅದಕ್ಕೆ ಎಷ್ಟು ಸಿರಪ್ ಕುಡಿದರೂ ಪ್ರಯೋಜನ ಇಲ್ಲ. "ನೀವಾಗೇ ನಿಲ್ಲಿಸಬೇಡಿ ಅಮ್ಮ, ಈ ಸ್ಟ್ರಿಪ್ ತಗೊಂಡು ಹೋಗಿ ಡಾಕ್ಟ್ರಿಗೇ ತೋರಿಸಿ" ಅಂತ ಕಳಿಸಿದೆ. ಡಾಕ್ಟರು ಬೇರೆ ಗುಂಪಿನ ಮಾತ್ರೆ ಬರೆದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು. ಗೃಹಪ್ರವೇಶದ ಕಥೆಗೆ ನಾನು ಅಡ್ಡ ಬಾಯಿ ಹಾಕಿದ್ದರೆ ಮಾತ್ರೆಯ ವಿಷಯ ಬರುತ್ತಲೇ ಇರಲಿಲ್ಲ.

ಹೀಗೆ ಕೇಳುತ್ತಾ ಕೂತರೆ ಟೈಮ್ ಎಲ್ಲಿದೆ ಅನ್ನುವವರು ಜಾಸ್ತಿ. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವವರು ಡಾಕ್ಟರ್-ರೋಗಿಗಳ 74 ಭೇಟಿಗಳ ಮಾತುಕತೆಯನ್ನು ಅಧ್ಯಯನ ಮಾಡಿದ್ದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಮಾತಾಡಿದ್ದರು. ಪೂರ್ತಿ ಹೇಳಲು ಬಿಟ್ಟ ಕಡೆ ಯಾರೂ ಎರಡೂವರೆ ನಿಮಿಷ ದಾಟಿರಲಿಲ್ಲ. ನನ್ನ ಕೌಂಟರಿನ ಅನುಭವವೂ ಅದೇ. ತಡೆಯದೇ ಬಿಟ್ಟರೆ ಜನ ಬೇಗ ಮುಗಿಸುತ್ತಾರೆ.

ನಾವು ಕೇಳುವ ರೀತಿಯೂ ಸರಿ ಇರಬೇಕು ಅಲ್ವಾ? "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂದರೆ ಎಲ್ಲರೂ "ಹ್ಞೂಂ" ಅನ್ನುತ್ತಾರೆ. "ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಹೇಗೆ ತಗೊಳ್ತೀರಿ, ಹೇಳಿ" ಅಂದಾಗ "ಕಾಫಿ ಜೊತೆಗೆ ನುಂಗಿಬಿಡ್ತೀನಿ" ಅನ್ನುವುದು ಗೊತ್ತಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು, ಕಾಫಿ ತಿಂಡಿಗೆ ಅರ್ಧ ಗಂಟೆಯಾದರೂ ಬಿಡಬೇಕಾದ ಮಾತ್ರೆ ಅದು.

ಈ ಅಭ್ಯಾಸ ಈಗ ಮನೆಗೂ ಬಂದಿದೆ. ಊರಿಂದ ಅಮ್ಮ ಫೋನ್ ಮಾಡಿದರೆ ಊಟ, ಮಳೆ, ಹಸು ಎಲ್ಲ ಆಗಿ "ಸರಿ, ಇಡ್ಲಾ ಹಂಗಾದ್ರೆ?" ಅನ್ನುತ್ತಾರೆ. ನಾನು ತಕ್ಷಣ ಹ್ಞೂಂ ಅನ್ನುವುದಿಲ್ಲ. "ಮತ್ತೇನಮ್ಮ?" ಅಂತೀನಿ. ಮಂಡಿ ನೋವಿನ ಸುದ್ದಿ, ಪಂಪ್‌ಸೆಟ್ ಕೆಟ್ಟ ಸುದ್ದಿ ಬರುವುದು ಆಗಲೇ.

ಕೊಬ್ಬರಿ ಹರಾಜಿನ ದಿನ ಮಾತ್ರ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಅರ್ಧ ಕಿವಿಯಲ್ಲಿ ಕೇಳುವ ಬದಲು, "ಯಜಮಾನ್ರೇ, ಸ್ವಲ್ಪ ಹೊತ್ತು ಆ ಬೆಂಚಿನ ಮೇಲೆ ಕೂತಿರಿ, ಇವರನ್ನೆಲ್ಲ ಕಳಿಸಿ ಮಾತಾಡ್ತೀನಿ" ಅಂತ ಹೇಳಿಬಿಡುತ್ತೇನೆ. ಬಸ್ಸಿಗೆ ಆತುರ ಇರುವವರು ಹೊರಡುತ್ತಾರೆ, ಅವರಿಗೆ ಅಂಗಡಿಯ ಫೋನ್ ನಂಬರ್ ಬರೆದು ಕೊಡುತ್ತೇನೆ. ಮಿಕ್ಕವರು ಕೂರುತ್ತಾರೆ.